ಒಗೆಯೋ ಕೆಲಸ ‘ಇತರೆ ಖರ್ಚು’ ಅಲ್ಲ

(1/8)

ಈ ಸಲ ಫೋಟೋದಲ್ಲಿ ಇರೋದು ಮೋತಿ ತಲಾಬ್ ಅಲ್ಲ, ನಮ್ಮೂರಿನ ದೊಡ್ಡ ಹುಣಸಿ ಮರಾನೂ ಅಲ್ಲ. ನಮ್ಮ ಮನಿ ಮಾಳಿಗಿ ಮೇಲಿನ ಹಗ್ಗ, ಅದರ ಮೇಲೆ ಒಂದು ಚಾದರ. ಅಷ್ಟೇ. ಹಂಗೇ ಮುಂದಕ್ಕೆ ಹೋಗಬ್ಯಾಡ್ರಿ, ಇವತ್ತಿನ ವಿಷಯ ಚಾದರದ್ದೇ ಐತಿ.

ನಮ್ಮ ವಯಸ್ಸಿನವರು ಬರ್ತ್‌ಡೇ ದಿನ ವೃದ್ಧಾಶ್ರಮಕ್ಕೆ ಹೋಗೋದು ಈಗ ಸಾಮಾನ್ಯ ಆಗಿದೆ. ಒಂದು ಕೇಕ್, ಬಾಳೆಹಣ್ಣು, ಬಿಸ್ಕಿಟ್ ಪ್ಯಾಕೆಟ್, ಆದರೆ ಒಂದು ಹೊತ್ತಿನ ಊಟ, ಕೊನೆಗೆ ಅಜ್ಜ-ಅಜ್ಜಿಯರ ಜೊತೆ ಒಂದು ರೀಲ್. ಇದು ತಪ್ಪು ಅಂತ ನಾ ಹೇಳ್ತಿಲ್ಲ. ಹೋಗದೇ ಇರೋರಿಗಿಂತ ಹೋಗೋರು ಎಷ್ಟೋ ಪಾಲು ಮೇಲು.

ಆದರೆ ನನ್ನ ಅಭಿಪ್ರಾಯ ಇಷ್ಟು: ಒಂದು ಆಶ್ರಮ ಹೆಂಗೈತಿ ಅಂತ ತಿಳೀಬೇಕಂದ್ರ ಅದರ ಊಟದ ಹಾಲ್ ನೋಡಿದ್ರ ಸಾಲದು, ಅರಿವಿ ಒಗೆಯೋ ಜಾಗ ನೋಡಬೇಕು. ನಾವು ಕೊಡೋ ದುಡ್ಡಲ್ಲೂ ಒಂದು ಪಾಲು ಅಲ್ಲಿಗೆ ಹೋಗಬೇಕು. ಯಾಕೆ ಅಂತ ಮುಂದಿನ ಏಳು ಭಾಗದಲ್ಲಿ ಹೇಳ್ತೀನಿ. ಬಿಕಾಂ ಹುಡುಗಿ ಬರೆಯೋದು ಅಂದಮೇಲೆ ಸ್ವಲ್ಪ ಲೆಕ್ಕಾನೂ ಬರ್ತದೆ, ಸಹಿಸ್ಕೋರಿ.

ಆಶ್ರಮದ ಫೋಟೋ ಬೇಕಂತಲೇ ಹಾಕಿಲ್ಲ. ಹಾಸಿಗೆ ಹಿಡಿದ ನಮ್ಮ ಅಜ್ಜಿಯ ಫೋಟೋ ಗುರುತಿಲ್ಲದವರ ಮೊಬೈಲಿನಲ್ಲಿ ಓಡಾಡಿದ್ರ ನಮಗೆ ಹೆಂಗನಿಸ್ತದೋ ಅವರಿಗೂ ಹಂಗೇ.

(2/8)

ಒಂದು ಪ್ರಾಜೆಕ್ಟಿಗೆ ಅಂತ ನಾವು ನಾಲ್ಕು ಜನ ನಮ್ಮ ಕಡೆಯ ಒಂದು ವೃದ್ಧಾಶ್ರಮದ ಜಮಾ-ಖರ್ಚಿನ ಪುಸ್ತಕ ನೋಡಿದ್ವಿ. ಹೆಸರು ಕೇಳಬ್ಯಾಡ್ರಿ, ಹೇಳೋದಿಲ್ಲ. ನಡೆಸೋರು ಕೆಟ್ಟವರಲ್ಲ. ಇದ್ದದ್ದರಲ್ಲೇ ಹೆಂಗೋ ತೂಗಿಸ್ಕೊಂಡು ಹೋಗ್ತಾ ಇರೋರು.

ಪುಸ್ತಕದಲ್ಲಿ ಕಿರಾಣಿಗೆ ಒಂದು ಕಾಲಂ, ಹಾಲಿಗೆ ಒಂದು, ಗ್ಯಾಸು, ಕರೆಂಟು, ಔಷಧಿ, ಪಗಾರ ಎಲ್ಲದಕ್ಕೂ ಒಂದೊಂದು. ಅರಿವಿ ಒಗೆಯೋದಕ್ಕೆ ಮಾತ್ರ ಇಲ್ಲ. ಸೋಪಿನ ಪುಡಿ, ಬ್ರಷ್, ಬಕೆಟ್ಟು ಎಲ್ಲಾ ‘ಇತರೆ ಖರ್ಚು’ ಒಳಗೆ ಸೇರಿಬಿಟ್ಟಿದ್ವು, ಊದಿನಕಡ್ಡಿ ಮತ್ತು ಝೆರಾಕ್ಸ್ ಜೊತೆ.

ಆಮೇಲೆ ಒಗೆಯೋ ಜಾಗ ಎಲ್ಲಿ ಅಂತ ಕೇಳಿದ್ವಿ. ಅದಕ್ಕೆ ಬೇರೆ ಜಾಗ ಇರಲಿಲ್ಲ. ಅಜ್ಜಿಯರು ಜಳಕ ಮಾಡೋ ಬಚ್ಚಲಲ್ಲೇ ಒಗೆಯೋದು. ನೆಲ ಇಡೀ ದಿನ ಹಸಿ. ಮೂತ್ರ ಆದ ಚಾದರ, ಊಟದ ಹಾಲಿನ ಒರೆಸೋ ಅರಿವಿ, ಅಜ್ಜಂದಿರ ಬನಿಯನ್ನು, ಎಲ್ಲಾ ಒಂದೇ ದೊಡ್ಡ ಬುಟ್ಟಿಯಲ್ಲಿ. ಒಣಗಿದ ಮೇಲೆ ಅದೇ ಬುಟ್ಟಿಯಲ್ಲಿ ವಾಪಸ್ ಒಳಗೆ ಬರೋದು.

ಒಗೆಯೋರು ಒಬ್ಬರೇ. ಬೆರಳ ತುದಿ ಬೆಳ್ಳಗಾಗಿ, ಉಗುರಿನ ಸಂದಿ ಬಾತಿತ್ತು. “ಅಕ್ಕಾರ, ಗ್ಲೌಸ್ ಇಲ್ಲೇನ್ರಿ?” ಅಂದೆ.

“ಅದಾವವಾ, ಕಪಾಟಿನ್ಯಾಗ. ಯಾರೋ ಡಬ್ಬಿಗಟ್ಟಲೆ ಕೊಟ್ಟಾರ. ನನ್ನ ಕೈಗೆ ದೊಡ್ಡವು, ಅರಿವಿ ಹಿಂಡಾಕ ಹೋದ್ರ ಜಾರಿ ಬೀಳ್ತಾವ.”

ಕೊಟ್ಟೋರು ಒಳ್ಳೇ ಮನಸ್ಸಿಂದಲೇ ಕೊಟ್ಟಿದ್ದು. ಆದರೆ ಕೈ ಅಳತೆ ಯಾರೂ ಕೇಳಿರಲಿಲ್ಲ.

(3/8)

ಈಗ ಲೆಕ್ಕ. ಇದು ಉದಾಹರಣೆಗೆ ನಾನೇ ಹಾಕಿದ್ದು, ಯಾವ ಆಶ್ರಮದ್ದೂ ಅಲ್ಲ. ನೀವೂ ಹಾಕಿ ನೋಡ್ರಿ.

30 ಜನ ಇರೋ ಒಂದು ಮನೆ ಅಂದ್ಕೊಳ್ಳಿ. ಅದರಲ್ಲಿ 20 ಜನ ಓಡಾಡ್ತಾರೆ. ಅವರ ಚಾದರ ವಾರಕ್ಕೆ ಎರಡು ಸಲ ಬದಲಿಸಿದ್ರ 40. ಉಳಿದ 10 ಜನ ಹಾಸಿಗೆ ಹಿಡಿದವರು, ಮೂತ್ರದ ಹಿಡಿತ ತಪ್ಪಿದವರು. ಅವರಿಗೆ ದಿನಕ್ಕೆ ಒಂದೇ ಸಲ ಬದಲಿಸಿದ್ರೂ ವಾರಕ್ಕೆ 70. ಒಟ್ಟು ವಾರಕ್ಕೆ 110. ವರ್ಷದ 52 ವಾರಕ್ಕೆ 5,720 ಚಾದರ.

ಬರೇ ಚಾದರ ಮಾತ್ರ ಲೆಕ್ಕಕ್ಕೆ ತಗೊಂಡದ್ದು. ಸೀರೆ, ಲಂಗ, ಧೋತರ, ಟವೆಲ್, ದಿಂಬಿನ ಗವಸು ಯಾವುದೂ ಇದರಲ್ಲಿ ಇಲ್ಲ. ದಿನಕ್ಕೆ 15–16 ಚಾದರ, ಒಬ್ಬ ಹೆಣ್ಣುಮಗಳ ಎರಡು ಕೈಯಲ್ಲಿ. ಹಸಿ ಚಾದರ ಹಿಂಡಿದವರಿಗೆ ಗೊತ್ತು, ಮೂರನೇದಕ್ಕೇ ರಟ್ಟಿ ಸೋತು ಹೋಗ್ತದೆ.

ಸ್ಟಾಕ್ ಎಷ್ಟಿರಬೇಕು? ಒಂದು ಹಾಸಿಗೆ ಮೇಲೆ, ಒಂದು ಒಗೆಯೋಕೆ, ಒಂದು ಮಡಿಚಿ ಕಪಾಟಿನಲ್ಲಿ. ಒಬ್ಬರಿಗೆ ಮೂರು ಅಂದ್ರೆ 20 ಜನಕ್ಕೆ 60. ಹಾಸಿಗೆ ಹಿಡಿದವರಿಗೆ ನಾಲ್ಕಾದರೂ ಬೇಕು, 40. ಒಟ್ಟು 100. ಇಷ್ಟಿಲ್ಲದಿದ್ರ ಮಳೆಗಾಲದಲ್ಲಿ ಏನಾಗ್ತದೆ ಅಂದ್ರ, ಅರ್ಧ ಒಣಗಿದ ಚಾದರಾನೇ ವಾಪಸ್ ಹಾಸಿಗೆ ಮೇಲೆ ಬರ್ತದೆ. ಹಾಸೋರ ತಪ್ಪಲ್ಲ ಅದು, ಬೇರೆ ಚಾದರಾನೇ ಇರೋದಿಲ್ಲ.

ಇನ್ನ ಕೌದಿ. ನಮ್ಮ ಕಡೆ ದಾನ ಅಂದ್ರ ಕೌದಿ, ಕಂಬಳಿ. ಬೆಚ್ಚಗೆ ಇರ್ತಾವೆ, ಖರೆ. ನವರಾತ್ರಿ ಮುಂಚೆ ಮನಿ ಹಾಸಗಿ ಎಲ್ಲಾ ಗಾಡಿಗೆ ಹೇರಿ ಹೊಳಿಗೋ ಕೆರಿಗೋ ಒಯ್ದು ಒಗೆಯೋ ರೂಢಿ ನಮ್ಮ ಹಳ್ಳಿಗಳಲ್ಲಿ ಯಾಕೆ ಬಂತು? ನೆನೆದ ಕೌದಿ ಎತ್ತಲಿಕ್ಕೇ ಇಬ್ಬರು ಬೇಕು, ಒಣಗಲಿಕ್ಕೆ ಒಳ್ಳೇ ಬಿಸಲು ಬೇಕು, ಅದಕ್ಕೆ. ಆಶ್ರಮದಲ್ಲಿ ಆ ಇಬ್ಬರು ಎಲ್ಲಿಂದ ಬರಬೇಕು? ಹಂಗಾಗಿ ಕೊಡೋದಿದ್ರ ಕೌದಿ ಜೊತೆ ಅದಕ್ಕೊಂದು ತೆಳ್ಳನೆ ಹತ್ತಿ ಗವಸೂ ಹೊಲಿಸಿ ಕೊಡ್ರಿ. ಗವಸು ವಾರಕ್ಕೊಮ್ಮೆ ಒಗೆಯಬಹುದು. ಹಾಸಿಗೆ ಮೇಲೆ ಒಂದು ರಬ್ಬರ್ ಶೀಟ್, ಅದರ ಮೇಲೆ ಚಾದರ ಇದ್ರ ಹಾಸಿಗೆಗೆ ನೀರಿಳಿಯೋದಿಲ್ಲ.

(4/8)

“ಚಾದರ ಸ್ವಲ್ಪ ಹೊಲಸಾದ್ರ ಏನಾತು, ಊಟ ಸಿಗ್ತಿದೆಯಲ್ಲ” ಅಂತ ಒಬ್ಬರು ಕೇಳಿದ್ರು. ಏನಾಗ್ತದೆ ಅಂತ ಹೇಳ್ತೀನಿ.

ವಯಸ್ಸಾದವರ ಚರ್ಮ ತೆಳ್ಳಗಾಗಿರ್ತದೆ. ಹಸಿ ಚಾದರದ ಮೇಲೆ ತಾಸುಗಟ್ಟಲೆ ಮಲಗಿದ್ರ ಆ ಚರ್ಮ ಮೆತ್ತಗಾಗ್ತದೆ. ಸೊಂಟದ ಕೆಳಗೆ, ಹಿಮ್ಮಡಿಗೆ ಒತ್ತಡ ಬೀಳೋ ಕಡೆ ಬಿರಿದು ಹುಣ್ಣಾಗ್ತದೆ. ಅದೇ ಹಾಸಿಗೆ ಹುಣ್ಣು. ಮಗ್ಗಲು ಬದಲಿಸದೇ ಇರೋದು ಮೊದಲ ಕಾರಣ, ಹಸಿ ಮತ್ತು ತಿಕ್ಕಾಟ ಅದಕ್ಕೆ ಜೊತೆಗೂಡ್ತಾವೆ. ಒಮ್ಮೆ ಬಂದ ಹುಣ್ಣು ಮಾಯಲಿಕ್ಕೆ ತಿಂಗಳುಗಟ್ಟಲೆ ಹಿಡೀಬಹುದು. ಸೋಂಕು ರಕ್ತಕ್ಕೆ ಏರಿದ್ರ ಜೀವಕ್ಕೇ ಅಪಾಯ.

ಎರಡನೇದು ಕಜ್ಜಿ, ನಾವು ತುರಕಿ ಅಂತೀವಲ್ಲ ಅದು. ಕಣ್ಣಿಗೆ ಕಾಣದಷ್ಟು ಸಣ್ಣ ಹುಳ ಚರ್ಮದೊಳಗೆ ಸೇರಿ ಮೊಟ್ಟೆ ಇಡ್ತದೆ. ಮೈಗೆ ಮೈ ತಾಗಿದ್ರ ಹರಡ್ತದೆ, ಅರಿವಿ-ಹಾಸಿಗೆಯಿಂದಲೂ ಹರಡಬಹುದು. ಮನುಷ್ಯರ ಮೈ ಬಿಟ್ಟ ಮೇಲೆ ಆ ಹುಳ ಸಾಮಾನ್ಯವಾಗಿ ಎರಡು-ಮೂರು ದಿನಕ್ಕಿಂತ ಹೆಚ್ಚು ಬದುಕೋದಿಲ್ಲ. ಅದಕ್ಕೇ ಬಿಸಿ ನೀರಲ್ಲಿ ಒಗೆದು ಚೆನ್ನಾಗಿ ಒಣಗಿಸಬೇಕು. ಒಗೆಯೋಕೆ ಆಗದ ಅರಿವಿಯನ್ನ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಒಂದು ವಾರ ಹಂಗೇ ಇಟ್ಟರೂ ನಡೀತದೆ. ಚಿಕಿತ್ಸೆ ಮಾತ್ರ ಡಾಕ್ಟರ್ ಹೇಳಿದಂಗೆ, ಒಟ್ಟಿಗೆ ಇರೋ ಎಲ್ಲರಿಗೂ ಒಂದೇ ಸಲ ಆಗಬೇಕು. ಒಬ್ಬರಿಗೆ ಮುಲಾಮು ಹಚ್ಚಿ ಪಕ್ಕದ ಹಾಸಿಗೆಯವರನ್ನ ಬಿಟ್ರ ಅದು ಸುತ್ತಿ ಮತ್ತೆ ಬರ್ತದೆ.

ಹಾಸ್ಟೆಲ್ ದೋಸ್ತರೇ, ನಿಮಗೆ ಇದು ಹೊಸದಲ್ಲ. ಒಬ್ಬರ ಟವೆಲ್ ಇನ್ನೊಬ್ಬರು ಎಳ್ಕೊಂಡು ಹೋಗೋದು, ಪರೀಕ್ಷೆ ಟೈಮಿಗೆ ರೂಮಿಗೆ ರೂಮೇ ಕೆರ್ಕೊಳ್ಳೋದು. ನಾವಾದ್ರ ಊರಿಗೆ ಹೋಗಿ ಅವ್ವನ ಕೈಲಿ ಒಗೆಸ್ಕೊಂಡು ಬರ್ತೀವಿ. ಆ ಅಜ್ಜಿಗೆ ಹೋಗಲಿಕ್ಕೆ ಬೇರೆ ಮನಿ ಇಲ್ಲ.

ಮೂರನೇದು ಮರ್ಯಾದೆ. ನಾ ನೋಡಿದ ಕಡೆ ಒಣಗಿದ ಅರಿವಿ ಎಲ್ಲಾ ಒಂದೇ ರಾಶಿ. ಯಾರಿಗೆ ಯಾವುದು ಸಿಗ್ತದೋ ಅದು. ಎಪ್ಪತ್ತು ವರ್ಷ ತಮ್ಮ ಸೀರೆ ತಾವೇ ಆರಿಸ್ಕೊಂಡು ಉಟ್ಟವರಿಗೆ ಈಗ ಇನ್ನೊಬ್ಬರ ಲಂಗ. ಇದಕ್ಕೆ ಲಕ್ಷ ರೂಪಾಯಿ ಬೇಕಾಗಿಲ್ಲ. ಅರಿವಿ ಅಂಚಿಗೆ ಬಣ್ಣದ ದಾರದಲ್ಲಿ ಒಂದು ನಂಬರ್ ಅಥವಾ ಹೆಸರಿನ ಅಕ್ಷರ ಹಾಕಿದ್ರ ಸಾಕು. ಸೂಜಿ-ದಾರ ಹಿಡಿಯೋಕೆ ಬರೋ ಅಜ್ಜಿಯರು ಅಲ್ಲೇ ಇದ್ದಾರೆ, ಕೇಳಿದ್ರ ಖುಷಿಯಿಂದ ಮಾಡ್ತಾರೆ.

(5/8)

ಫ್ಲಾರೆನ್ಸ್ ನೈಟಿಂಗೇಲ್ ಪಾಠ ನೆನಪೈತೇನ್ರಿ? ಕೈಯಲ್ಲಿ ದೀಪ ಹಿಡಿದು ರಾತ್ರಿ ರೋಗಿಗಳನ್ನ ನೋಡೋ ಚಿತ್ರ. ದೀಪ ಎಲ್ಲರಿಗೂ ನೆನಪಿದೆ. ಅವರು ಅರಿವಿ ಒಗೆಸಿದ್ದು ಯಾರಿಗೂ ನೆನಪಿಲ್ಲ.

1854ರ ನವೆಂಬರಿನಲ್ಲಿ, ಕ್ರಿಮಿಯಾ ಯುದ್ಧದ ಸಮಯದಲ್ಲಿ, ಅವರು 38 ಜನ ದಾದಿಯರ ಜೊತೆ ಸ್ಕುಟಾರಿಗೆ ಬಂದರು. ಈಗ ಅದು ಇಸ್ತಾಂಬುಲ್ ನಗರದ ಒಂದು ಭಾಗ. ಅಲ್ಲಿನ ಸೈನಿಕರ ಆಸ್ಪತ್ರೆಯಲ್ಲಿ ಗಾಯಾಳುಗಳು ಹೊಲಸು ಅಂಗಿಯಲ್ಲೇ, ಹೇನು ಹತ್ತಿದ ಹಾಸಿಗೆಯಲ್ಲೇ ಬಿದ್ದಿದ್ದರು. ನೈಟಿಂಗೇಲ್ ಹತ್ತಿರದಲ್ಲೇ ಒಂದು ಮನೆ ಹಿಡಿದು, ನೀರು ಕಾಯಿಸೋ ದೊಡ್ಡ ಬಾಯ್ಲರ್ ಹಾಕಿಸಿ, ಸೈನಿಕರ ಹೆಂಡಂದಿರನ್ನ ಸಂಬಳಕ್ಕೆ ಇಟ್ಕೊಂಡು ಒಗೆಯೋ ಮನೆ ಶುರು ಮಾಡಿದರು. ಅದಕ್ಕೆ ತಮ್ಮ ಕೈಲಿದ್ದ ಹಣ, ಜೊತೆಗೆ ಟೈಮ್ಸ್ ಪತ್ರಿಕೆಯ ಓದುಗರು ಕೂಡಿಸಿದ ನಿಧಿ ಬಳಸಿದರು.

ಈ ಮೂರು ಮಾತು ಗಮನಿಸಿ. ಬೇರೆ ಜಾಗ. ಬಿಸಿ ನೀರು. ಸಂಬಳ. ‘ಯಾರಾದರೂ ಒಗೀತಾರೆ ಬಿಡು’ ಅಂತ ಅವರು ಬಿಡಲಿಲ್ಲ.

ಬಿಕಾಂನವರಿಗೆ ಒಂದು ಹೆಚ್ಚುವರಿ ಮಾಹಿತಿ: ಲಂಡನ್ನಿನ ಸ್ಟ್ಯಾಟಿಸ್ಟಿಕಲ್ ಸೊಸೈಟಿಯ ಮೊದಲ ಮಹಿಳಾ ಸದಸ್ಯೆ ಅವರೇ. ಸತ್ತವರ ಲೆಕ್ಕ ಇಟ್ಟು, ಗುಂಡೇಟಿಗಿಂತ ರೋಗಕ್ಕೇ ಹೆಚ್ಚು ಸೈನಿಕರು ಸತ್ತಿದ್ದನ್ನ ಚಿತ್ರ ಬರೆದು ತೋರಿಸಿದರು. ಸೇವೆ ಮಾಡೋರಿಗೆ ಲೆಕ್ಕ ಬರಬಾರದು ಅಂತ ಎಲ್ಲೂ ಇಲ್ಲ.

(6/8)

ಈ ಭಾಗ ಬರೆಯೋಕೆ ಸ್ವಲ್ಪ ಕಷ್ಟ ಆಯ್ತು. ಒಗೆಯೋರು ಯಾರು?

12ನೇ ಶತಮಾನದಲ್ಲಿ ದೇವರ ಹಿಪ್ಪರಗಿಯಿಂದ ಕಲ್ಯಾಣಕ್ಕೆ ಹೋದ ಮಡಿವಾಳ ಮಾಚಿದೇವರು ಶರಣರ ಅರಿವಿ ಒಗೆಯೋದನ್ನೇ ಕಾಯಕ ಮಾಡಿಕೊಂಡವರು. ಪ್ರತಿ ವರ್ಷ ಫೆಬ್ರುವರಿ 1ಕ್ಕೆ ಅವರ ಜಯಂತಿ ಮಾಡ್ತೀವಿ, ಫೋಟೋಕ್ಕೆ ಹಾರ ಹಾಕ್ತೀವಿ, ಕಾಯಕವೇ ಕೈಲಾಸ ಅಂತ ಭಾಷಣ ಮಾಡ್ತೀವಿ. ಮರುದಿನ ಒಗೆಯೋ ಕೆಲಸ ಮತ್ತೆ ಕೀಳು ಕೆಲಸ.

ಸವಣೂರಿನವರಿಗೆ ಇದನ್ನ ಹೊರಗಿನವರು ಬಂದು ಹೇಳಬೇಕಾಗಿಲ್ಲ. 2010ರ ಜುಲೈ ತಿಂಗಳಲ್ಲಿ ನಮ್ಮೂರಿನ ಭಂಗಿ ಸಮುದಾಯದವರು ತಮ್ಮನ್ನ ಇದ್ದ ಜಾಗದಿಂದ ಎಬ್ಬಿಸೋದನ್ನ ವಿರೋಧಿಸಿ ಪುರಸಭೆ ಎದುರು ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟನೆ ಮಾಡಿದರು. ಇಡೀ ರಾಜ್ಯ ಆವತ್ತು ಸವಣೂರಿನ ಹೆಸರು ಕೇಳ್ತು. ನಮ್ಮಲ್ಲಿ ಬಹಳ ಮಂದಿ ಆಗ ಪ್ರೈಮರಿ ಶಾಲೆಗೂ ಹೋಗ್ತಿರಲಿಲ್ಲ. ಮೂರು ವರ್ಷದ ಮೇಲೆ, 2013ರಲ್ಲಿ, ಮಲ ಹೊರೋ ಕೆಲಸಕ್ಕೆ ಜನರನ್ನ ನೇಮಿಸೋದನ್ನ ನಿಷೇಧಿಸಿ ದೇಶಕ್ಕೆ ಹೊಸ ಕಾಯ್ದೆ ಬಂತು.

ಆಶ್ರಮದಲ್ಲಿ ಅರಿವಿ ಒಗೆಯೋದು ಆ ಕಾಯ್ದೆಯ ಕೆಳಗೆ ಬರೋ ಕೆಲಸ ಅಂತ ನಾ ಹೇಳ್ತಿಲ್ಲ. ಎರಡೂ ಬೇರೆ. ಆದರೆ ಪ್ರಶ್ನೆ ಒಂದೇ: ಎಲ್ಲರ ಮನಿಯಲ್ಲೂ ಇರೋ ಹೊಲಸನ್ನ ಯಾರ ಬರಿಗೈಗೆ ಕೊಟ್ಟು ನಾವು ಮುಖ ಆಚೆ ತಿರುಗಿಸ್ತೀವಿ? ಮಲ ಹತ್ತಿದ ಚಾದರವನ್ನ ಅಳತೆಗೆ ಹೊಂದೋ ಗ್ಲೌಸ್ ಇಲ್ಲದೆ, ಏಪ್ರನ್ ಇಲ್ಲದೆ, ಕೈ ತೊಳೆಯೋಕೆ ಬೇರೆ ನಳ ಇಲ್ಲದೆ ಒಬ್ಬರು ದಿನಾ ತಿಕ್ಕಬೇಕು ಅಂದ್ರ ಅದು ಸೇವೆ ಅಲ್ಲ, ಅನ್ಯಾಯ. ಒಗೆಯೋರು ಸುರಕ್ಷಿತ ಇಲ್ಲದ ಕಡೆ ಮಲಗೋರೂ ಸುರಕ್ಷಿತ ಇರೋದಿಲ್ಲ. ಅದೇ ಕೈ ಆಮೇಲೆ ಊಟ ಬಡಿಸ್ತದೆ, ಮಾತ್ರೆ ಕೊಡ್ತದೆ.

(7/8)

ಹಂಗಾದ್ರ ಏನು ಮಾಡಬೇಕು? ಸೇವ್ ಮಾಡ್ಕೊಳ್ಳೋ ಭಾಗ ಇದು.

ಒಂದು. ದಾರಿ ಒಂದೇ ಕಡೆಗೆ ಇರಬೇಕು. ಹೊಲಸು ಅರಿವಿ ಒಂದು ಕಡೆಯಿಂದ ಬರಬೇಕು, ಒಗೆದದ್ದು ಇನ್ನೊಂದು ಕಡೆಯಿಂದ ಹೋಗಬೇಕು, ನಡುವೆ ಕೂಡಬಾರದು. ಎರಡು ಕೋಣೆ ಇಲ್ಲದಿದ್ರ ಎರಡು ಬಣ್ಣದ ಬುಟ್ಟಿ. ಕೆಂಪು ಹೊಲಸಿಗೆ, ನೀಲಿ ಸ್ವಚ್ಛಕ್ಕೆ. ಓದು ಬರದವರಿಗೂ ತಿಳೀತದೆ.

ಎರಡು. ಹಾಸಿಗೆ ಮೇಲಿಂದ ತೆಗೆದ ಚಾದರ ಕೊಡವಬಾರದು, ನೆಲಕ್ಕೆ ಒಗೆಯಬಾರದು, ಎದೆಗೆ ಅವಚ್ಕೊಂಡು ಹೋಗಬಾರದು. ಬುಟ್ಟಿಯನ್ನೇ ಹಾಸಿಗೆ ಹತ್ತಿರ ಒಯ್ಯಬೇಕು, ಅಲ್ಲೇ ಮಡಿಚಿ ಹಾಕಬೇಕು.

ಮೂರು. ಮಲ ಇದ್ರ ಮೊದಲು ಗ್ಲೌಸ್ ಹಾಕ್ಕೊಂಡು ಅದನ್ನ ತೆಗೆದು ಪಾಯಖಾನೆಗೆ ಹಾಕಬೇಕು. ಆಮೇಲೆ ಒಗೆಯೋಕೆ.

ನಾಲ್ಕು. ಬಿಸಿ. ಇಂಗ್ಲೆಂಡಿನ ಆರೋಗ್ಯ ಇಲಾಖೆಯ ಮಾರ್ಗಸೂಚಿ ಪ್ರಕಾರ ಮಷಿನ್ನಿನೊಳಗೆ 65 ಡಿಗ್ರಿಯಲ್ಲಿ 10 ನಿಮಿಷ, ಇಲ್ಲವೇ 71 ಡಿಗ್ರಿಯಲ್ಲಿ 3 ನಿಮಿಷ ಇರಬೇಕು. ನಮ್ಮ ಕಡೆ ಅಂಥಾ ಮಷಿನ್ ಎಲ್ಲಾ ಕಡೆ ಎಲ್ಲಿ ಇರ್ತದೆ? ಅದಕ್ಕೂ ದಾರಿ ಇದೆ. ಕೋವಿಡ್ ಸಮಯದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿದ ಕ್ರಮ: ದೊಡ್ಡ ಡ್ರಮ್ಮಿನಲ್ಲಿ ಬಿಸಿ ನೀರು, ಸೋಪು ಹಾಕಿ ಅರಿವಿ ನೆನೆಸಬೇಕು. ಕೈ ಅದ್ದದೆ ಕೋಲಿನಲ್ಲಿ ತಿರುವಬೇಕು, ನೀರು ಸಿಡಿಸಬಾರದು. ಆಮೇಲೆ 0.05% ಕ್ಲೋರಿನ್ ನೀರಲ್ಲಿ ಸುಮಾರು 30 ನಿಮಿಷ ಬಿಡಬೇಕು. ಕೊನೆಗೆ ಸ್ವಚ್ಛ ನೀರಲ್ಲಿ ಜಾಲಿಸಿ ಬಿಸಿಲಲ್ಲಿ ಪೂರ್ತಿ ಒಣಗಿಸಬೇಕು. 5% ಅಂತ ಬರೆದಿರೋ ಲಿಕ್ವಿಡ್ ಬ್ಲೀಚ್ ಆದ್ರ ಒಂದು ಲೀಟರಿಗೆ 10 ಮಿಲಿ, 20 ಲೀಟರ್ ಬಕೆಟ್ಟಿಗೆ 200 ಮಿಲಿ. ಬಣ್ಣದ ಅರಿವಿ ಮಾಸ್ತದೆ, ಉಣ್ಣೆಗೆ ಹಾಕಲೇಬಾರದು.

ಐದು. ಬ್ಲೀಚ್ ಜೊತೆ ಪಾಯಖಾನೆ ತೊಳೆಯೋ ಆಸಿಡ್ ಕೂಡಿಸಬಾರದು. ವಿಷದ ಗಾಳಿ ಏಳ್ತದೆ. ಮೂತ್ರದ ಅರಿವಿಯನ್ನೂ ನೀರಲ್ಲಿ ಜಾಲಿಸದೇ ನೇರ ಬ್ಲೀಚಿಗೆ ಹಾಕಬಾರದು, ಅದೇ ಕಾರಣ. ಬಾಟಲಿ ಅಜ್ಜ-ಅಜ್ಜಿಯರ ಕೈಗೆ ಸಿಗದ ಕಡೆ ಇರಲಿ. ನೀರಿನ ಬಾಟಲಿಗೆ ಬ್ಲೀಚ್ ತುಂಬಿಡೋ ಚಟ ಮೊದಲು ಬಿಡಬೇಕು.

ಆರು. ಮಷಿನ್ ಇದ್ರ ಅರ್ಥಿಂಗ್ ಇರಬೇಕು. ಹಸಿ ನೆಲದ ಮೇಲೆ ಎಕ್ಸ್‌ಟೆನ್ಶನ್ ಬೋರ್ಡ್ ಬೇಡ. ಒಗೆಯೋ ನೀರು ಓಡಾಡೋ ದಾರಿಗೆ ಹರೀಬಾರದು. ಒಣ ಹಾಕೋ ಹಗ್ಗ ಕುತ್ತಿಗೆ ಮಟ್ಟಕ್ಕೆ ಕಟ್ಟಬಾರದು. ಎಂಬತ್ತು ವರ್ಷದವರು ಒಮ್ಮೆ ಜಾರಿ ಬಿದ್ದು ಸೊಂಟದ ಮೂಳೆ ಮುರಿದ್ರ ಮತ್ತೆ ಎದ್ದು ಓಡಾಡೋದು ಬಹಳ ಕಷ್ಟ.

ಏಳು. ಸ್ವಚ್ಛ ಅರಿವಿ ಇಡೋ ಕಪಾಟು ಗೋಡೆ ಹಸಿ ಇಲ್ಲದ ಕಡೆ, ಬಾಗಿಲು ಮುಚ್ಚುವಂಥದ್ದು ಇರಲಿ. ಅದಕ್ಕೆ ಕೀಲಿ ಹಾಕಿ, ಸಾಹೇಬರು ಬಂದಾಗ ಮಾತ್ರ ಹೊಸ ಚಾದರ ತೆಗೆಯೋದಾದ್ರ ಆ ಚಾದರ ಇದ್ದೂ ಇಲ್ಲದಂಗೆ.

(8/8)

“ಊಟಕ್ಕೇ ದುಡ್ಡು ಸಾಲೋದಿಲ್ಲ, ಇದೆಲ್ಲಾ ಎಲ್ಲಿಂದ?” ಈ ಪ್ರಶ್ನೆ ನ್ಯಾಯವಾದದ್ದು. ಮೊದಲ ಉತ್ತರ: ಮೇಲೆ ಹೇಳಿದ್ದರಲ್ಲಿ ಬಹಳಷ್ಟಕ್ಕೆ ದುಡ್ಡಿಗಿಂತ ಕ್ರಮ ಬೇಕು. ಕೊಡವಬಾರದು, ಕೂಡಿಸಬಾರದು, ಹಗ್ಗ ಎತ್ತರಕ್ಕೆ ಕಟ್ಟಬೇಕು, ಇದಕ್ಕೆಲ್ಲಾ ಏನು ಖರ್ಚು?

ಎರಡನೇ ಉತ್ತರ: ದುಡ್ಡಿಗೆ ದಾರಿಗಳೂ ಇವೆ. 2007ರ ಪೋಷಕರು ಮತ್ತು ಹಿರಿಯ ನಾಗರಿಕರ ಕಾಯ್ದೆಯ 19ನೇ ಕಲಂ ರಾಜ್ಯ ಸರ್ಕಾರ ಮೊದಲಿಗೆ ಜಿಲ್ಲೆಗೊಂದಾದರೂ ವೃದ್ಧಾಶ್ರಮ ತೆರೆಯಬಹುದು, ಅದರಲ್ಲಿ ಕನಿಷ್ಠ 150 ಬಡ ಹಿರಿಯರಿಗೆ ಜಾಗ ಇರಬೇಕು ಅಂತ ಹೇಳ್ತದೆ. ಆ ಕಾಯ್ದೆಯ ಮಾದರಿ ನಿಯಮಗಳಲ್ಲಿ ಊಟದ ಜೊತೆಗೇ ಸಾಕಷ್ಟು ಬಟ್ಟೆ, ಹಾಸಿಗೆ ಬಟ್ಟೆ, ಚಳಿಗಾಲದ್ದೂ ಸೇರಿ, ಇರಬೇಕು ಅಂತಿದೆ. ಸರ್ಕಾರಿ ಆಸ್ಪತ್ರೆಗಳಿಗೆ 2015ರಿಂದ ಇರೋ ಕಾಯಕಲ್ಪ ಯೋಜನೆಯಲ್ಲಿ ಬಟ್ಟೆ ಒಗೆಯೋ ವ್ಯವಸ್ಥೆಗೂ ಅಂಕ ಕೊಡ್ತಾರೆ. ಆಸ್ಪತ್ರೆಯಲ್ಲಿ ಅಂಕ ಕೊಡೋದಾದ್ರ ಆಶ್ರಮದ ತಪಾಸಣೆಯಲ್ಲೂ ಯಾಕೆ ಕೊಡಬಾರದು? ಇನ್ನ ನಾವು ಓದೋ ಕಂಪನಿ ಕಾಯ್ದೆ, 2013. ಸಿಎಸ್‌ಆರ್ ಹಣ ಯಾವುದಕ್ಕೆ ಖರ್ಚು ಮಾಡಬಹುದು ಅನ್ನೋ 7ನೇ ಶೆಡ್ಯೂಲಿನಲ್ಲಿ ವೃದ್ಧಾಶ್ರಮ, ಹಿರಿಯರಿಗೆ ಬೇಕಾದ ಸೌಲಭ್ಯಗಳು ಸ್ಪಷ್ಟವಾಗಿ ಇವೆ. ಪರೀಕ್ಷೆಗೆ ಬಾಯಿಪಾಠ ಮಾಡಿದ್ದು ಒಮ್ಮೆಯಾದ್ರೂ ಉಪಯೋಗಕ್ಕೆ ಬರಲಿ.

ಮೂರನೇ ಉತ್ತರ ನಮ್ಮ ಮೇಲೇ ಬರ್ತದೆ. ನಮ್ಮಲ್ಲಿ ಫ್ಯಾನಿನ ರೆಕ್ಕೆ ಮೇಲೂ ದಾನಿಗಳ ಹೆಸರು ಬರೆಸ್ತಾರೆ. ಒಗೆಯೋ ಕಲ್ಲಿನ ಮೇಲೆ ಬರೆಸಿದವರನ್ನ ನಾ ಇನ್ನೂ ನೋಡಿಲ್ಲ. ಹೆಸರು ಕಾಣದ ಕಡೆ ದಾನ ಹೋಗೋದಿಲ್ಲ. ಅದಕ್ಕೇ ಬಾಳೆಹಣ್ಣು ಒಂದೇ ದಿನ ಮೂರು ಗೊನೆ ಬರ್ತದೆ, ಸೋಪಿನ ಪುಡಿ ತಿಂಗಳ ಕೊನೆಗೆ ಖಾಲಿ.

ಹಂಗಾಗಿ ನನ್ನ ವಿನಂತಿ. ಮುಂದಿನ ಬರ್ತ್‌ಡೇಗೆ ಹೋಗೋ ಮುಂಚೆ ಫೋನ್ ಮಾಡಿ ಮೂರು ಮಾತು ಕೇಳ್ರಿ: ಚಾದರ ಎಷ್ಟು ಕಡಿಮೆ ಬಿದ್ದಾವ? ಒಗೆಯೋ ಅಕ್ಕಾರ ಕೈ ಅಳತೆ ಎಷ್ಟು? ಸೋಪು-ಬ್ಲೀಚು ತಿಂಗಳಿಗೆ ಎಷ್ಟು ಬೇಕು? ಕೇಕಿನ ದುಡ್ಡು ಅಲ್ಲಿಗೆ ಕೊಡ್ರಿ. ಎನ್‌ಎಸ್‌ಎಸ್‌ನವರಿಗೆ ಇನ್ನೊಂದು ಮಾತು. ಏಳು ದಿನದ ಕ್ಯಾಂಪಿನಲ್ಲಿ ಒಂದು ದಿನ ಗೋಡೆಗೆ ಸುಣ್ಣ ಹಚ್ಚೋ ಬದಲು ಕೌದಿ ಒಗೆಯೋಣ. ಇಬ್ಬಿಬ್ಬರು ಒಂದೊಂದು ಎತ್ತಿದ್ರ ಮಧ್ಯಾಹ್ನದೊಳಗೆ ಮುಗೀತದೆ. ಗ್ಲೌಸ್ ನಾವೂ ಹಾಕ್ಕೊಳ್ಳೋಣ, ನಾಚಿಕೆ ಬೇಡ. ಹುಡುಗರೂ ಬರಬೇಕು. ಒಗೆಯೋದು ಹುಡುಗಿಯರ ಕೆಲಸ ಅಂತ ಯಾವ ಸಿಲೆಬಸ್ಸಿನಲ್ಲೂ ಇಲ್ಲ.

ಬಿಕಾಂನವರು ಇನ್ನೊಂದು ಕೆಲಸ ಮಾಡಬಹುದು. ಆಶ್ರಮದ ಜಮಾ-ಖರ್ಚಿನ ಪುಸ್ತಕದಲ್ಲಿ ‘ಬಟ್ಟೆ ಮತ್ತು ಒಗೆತ’ ಅಂತ ಬೇರೆ ಒಂದು ಕಾಲಂ ಎಳೆದು ಕೊಡ್ರಿ. ಸೋಪು, ನೀರು, ಕರೆಂಟು, ಹೊಸ ಚಾದರ, ಒಗೆಯೋರ ಪಗಾರ ಎಲ್ಲಾ ಅದರಲ್ಲಿ ಬರಲಿ. ಅಂಕಿ ಕಂಡ್ರ ಕೊಡೋರಿಗೂ ಗೊತ್ತಾಗ್ತದೆ, ಕೇಳೋರಿಗೂ ಧೈರ್ಯ ಬರ್ತದೆ.

ಎಲ್ಲಾದರೂ ಹಿರಿಯರನ್ನ ಹೊಲಸಿನಲ್ಲೇ ಬಿಟ್ಟಿರೋದು ಕಂಡ್ರ ರೀಲ್ ಮಾಡಬ್ಯಾಡ್ರಿ. ಹಿರಿಯರ ಸಹಾಯವಾಣಿ 14567ಕ್ಕೆ ಫೋನ್ ಮಾಡ್ರಿ, ದುಡ್ಡು ಹತ್ತೋದಿಲ್ಲ.

ನಿಮ್ಮೂರಿನ ಆಶ್ರಮದಲ್ಲಿ, ಹಾಸ್ಟೆಲಿನಲ್ಲಿ ಒಗೆಯೋ ಜಾಗ ಹೆಂಗೈತಿ? ಹೆಸರು ಹಾಕದೇ ಬರೀರಿ. ಮುಂದಿನ ಸರಣಿಯಲ್ಲಿ ಕಾಲಂ ಎಳೆದ ಒಂದು ಖಾಲಿ ಹಾಳೆ ಹಾಕ್ತೀನಿ, ಯಾರು ಬೇಕಾದ್ರೂ ತಗೋಬಹುದು.

#ಸವಣೂರು #ಹಾವೇರಿ #ಬಿಕಾಂದವರು #ವೃದ್ಧಾಶ್ರಮ #ಒಗೆಯೋರಿಗೂಮರ್ಯಾದೆ